ಬೆಳ್ಳಿ ಕಪ್ಪಾಗಲಿ ಎಂದು ಕಾದ ಪತ್ತಾರ

ಫೆಬ್ರುವರಿಯ ನಸುಕು. ಮ್ಯಾನ್‌ಹಾಟನ್‌ನ ಹಳೆಯ ಕಟ್ಟಡವೊಂದರ ನಾಲ್ಕನೆಯ ಮಹಡಿಯಲ್ಲಿ ರೇಡಿಯೇಟರ್ ಬುಸುಗುಟ್ಟುತ್ತಿದೆ. ಆದರೂ ಬಾಯಿ ತೆರೆದರೆ ಉಸಿರು ಹೊಗೆಯಾಗಿ ಕಾಣುತ್ತದೆ. ನದಿಯಾಚೆಯ ಹೋಬೋಕನ್‌ನಿಂದ ಪಾತ್ ಟ್ರೇನು ಹಿಡಿದು ಬಂದ ಮೌನೇಶಪ್ಪ ಪತ್ತಾರರು ಮೊದಲು ಓವರ್‌ಕೋಟು ತೆಗೆಯುತ್ತಾರೆ, ಆಮೇಲೆ ಮಫ್ಲರು, ಆಮೇಲೆ ಹೆಂಡತಿ ಹೆಣೆದ ಸ್ವೆಟರು, ಅದರ ಕೆಳಗಿನ ಇನ್ನೊಂದು ಸ್ವೆಟರು. ಇಷ್ಟೆಲ್ಲ ಕಳಚಿದ ಮೇಲೆ ಉಳಿಯುವ ಮನುಷ್ಯ ತೀರ ಸಣ್ಣಾಳು. ವಯಸ್ಸು ಐವತ್ತರ ಹತ್ತಿರ. ಹಣೆಯ ಮೇಲೆ ತೆಳುವಾದ ವಿಭೂತಿ, ಕೈಬೆರಳುಗಳು ಮಾತ್ರ ಉದ್ದ.

ಕೈ ತೊಳೆದುಕೊಂಡು ನೇರ ಕಿಟಕಿಯ ಹತ್ತಿರ ಹೋಗುತ್ತಾರೆ. ಕಿಟಕಿಯ ಕಟ್ಟೆಯ ಮೇಲೆ ಒಂದು ಬಿಳಿಯ ಕಾಗದ, ಅದರ ಮೇಲೆ ಒಂದು ನಾಣ್ಯ. ಅಮೆರಿಕದ ಹತ್ತು ಸೆಂಟಿನ ಡೈಮ್‌ಗಿಂತ ಕೂದಲೆಳೆಯಷ್ಟು ದೊಡ್ಡದು. ಮರದ ಚಿಮಟದಿಂದ ಅದನ್ನು ಎತ್ತಿ, ಮಗ್ಗುಲು ಬದಲಿಸಿ, ಮತ್ತೆ ಅಲ್ಲೇ ಇಡುತ್ತಾರೆ. ನಿನ್ನೆ ಹೆಂಗಸಿನ ಮುಖ ಮೇಲಿತ್ತು. ಇವತ್ತು ಇನ್ನೊಂದು ಬದಿಯ ಸುತ್ತಿಗೆ ಮತ್ತು ಇಕ್ಕಳ ಮೇಲೆ ಬಂದಿವೆ.

“ಇದಕ್ಕ ದಿನಾ ಮಗ್ಗಲಾ ಬದಲಿ ಮಾಡಬೇಕ್ರಿ ಸರ. ಇಲ್ಲಾಂದ್ರ ಒಂದ್ ಕಡೆ ಕರ್ರಗಾಗಿ ಇನ್ನೊಂದ್ ಕಡೆ ಬೆಳ್ಳಗ ಉಳೀತೈತಿ,” ಎನ್ನುತ್ತಾರೆ. “ಇದು ಮುಗೀದ ಹೊರತು ಬ್ಯಾರೆ ಕೆಲಸ ಇಲ್ಲ.”

ಈ ನಾಣ್ಯ ಕಪ್ಪಾಗಬೇಕು. ಪತ್ತಾರರು ಆರು ವರ್ಷ ದಾಟಿ ಅದಕ್ಕಾಗಿ ಕಾಯುತ್ತಿದ್ದಾರೆ. ಈ ಶುಕ್ರವಾರ ಅಂಗಡಿಯ ಒಡತಿ ಮಿಸೆಸ್ ಆಡ್ಲರ್ ಅದನ್ನು ಪರೀಕ್ಷಿಸುತ್ತಾರೆ. ಬಣ್ಣ ಬಂದಿದೆ ಎಂದರೆ ಪತ್ತಾರರ ಕೈಗೆ ಬೆಳ್ಳಿಯ ನಾಣ್ಯಗಳು ಮತ್ತೆ ಬರುತ್ತವೆ. ಇಲ್ಲವೆಂದರೆ ಕಂಚು, ತಾಮ್ರಗಳೇ ಗತಿ. ಬೆಳ್ಳಿಯ ಕೆಲಸದಲ್ಲೇ ಬೆಳೆದವನಿಗೆ ಬೆಳ್ಳಿ ಮುಟ್ಟಬೇಡ ಎಂದರೆ ಹೇಗಿರುತ್ತದೆ ಎಂದು ಅವರ ಬಾಯಿಂದಲೇ ಕೇಳಿ ಬರೆಯಲು ನಾನು ಈ ಹಾಳು ಚಳಿಯಲ್ಲಿ ಓಲ್ಡ್ ಬ್ರಿಡ್ಜ್ ಊರಿನ ನನ್ನ ಮನೆಯಿಂದ ಎದ್ದು ಬಂದಿದ್ದೇನೆ.

ಈ ಅಂಗಡಿಯಲ್ಲಿ ಗ್ರೀಕರ, ರೋಮನ್ನರ ಕಾಲದ ನಾಣ್ಯಗಳು ಹರಾಜಾಗುತ್ತವೆ. ಹರಾಜಿಗೆ ಮುಂಚೆ ಚಿತ್ರಗಳಿರುವ ಒಂದು ಪುಸ್ತಕ ಅಚ್ಚಾಗಿ ಗಿರಾಕಿಗಳಿಗೆ ಹೋಗಬೇಕು. ನಾಣ್ಯವನ್ನೇ ಫೋಟೋ ತೆಗೆದರೆ ಲೋಹ ಮಿಂಚಿ ಅರ್ಧ ಚಿತ್ರವನ್ನು ನುಂಗಿಹಾಕುತ್ತದೆ. ಅದಕ್ಕಾಗಿ ಪ್ರತಿಯೊಂದು ನಾಣ್ಯಕ್ಕೂ ಸುಣ್ಣದಂತೆ ಬೆಳ್ಳಗಿರುವ ಪ್ಲಾಸ್ಟರಿನ ಪ್ರತಿ ಮಾಡಿ, ಅದರ ಫೋಟೋ ತೆಗೆಯುತ್ತಾರೆ. ಆ ಪ್ರತಿಗಳನ್ನು ಮಾಡುವವರು ನಮ್ಮ ಪತ್ತಾರರು. ಪುಸ್ತಕ ನೋಡುವ ಗಿರಾಕಿ ತಾನು ನಾಣ್ಯ ನೋಡುತ್ತಿದ್ದೇನೆ ಎಂದುಕೊಳ್ಳುತ್ತಾನೆ. ಅವನು ನೋಡುವುದು ಇವರ ಕೈಕೆಲಸವನ್ನು.

ಕೆಲಸ ನೋಡಲು ಸುಲಭ. ಮೆತ್ತನೆಯ ಮೇಣದಂಥ ಮಣ್ಣಿನ ಉಂಡೆಗೆ ಮುಖಕ್ಕೆ ಹಚ್ಚುವ ಪೌಡರು ಸವರಿ, ನಾಣ್ಯವನ್ನು ಒತ್ತಿ ತೆಗೆಯುತ್ತಾರೆ. ಉಳಿದ ಗುಳಿಯೊಳಗೆ ನೀರಾಗಿ ಕಲಸಿದ ಪ್ಲಾಸ್ಟರನ್ನು ಮೊದಲು ಸಣ್ಣ ಕುಂಚದಿಂದ ಬಳಿಯುತ್ತಾರೆ, ಆಮೇಲೆ ತುಂಬುತ್ತಾರೆ. ನಾನೂ ಒಂದು ಮಾಡಿ ನೋಡಿದೆ. ಯಾವುದೋ ಚಕ್ರವರ್ತಿಯ ಮೂಗಿನ ಮೇಲೆ ಗುಳ್ಳೆ ಎದ್ದು ಸಿಡುಬು ಬಂದವನ ಹಾಗೆ ಕಂಡ. ಪತ್ತಾರರು ನಗಲಿಲ್ಲ. ಮೆಲ್ಲಗೆ ಅದನ್ನು ಕಸದ ಬುಟ್ಟಿಗೆ ಹಾಕಿ, ಕೈ ಒರೆಸಿಕೊಳ್ಳಲು ನನಗೊಂದು ಬಟ್ಟೆ ಕೊಟ್ಟರು.

ದಿನಕ್ಕೆ ಇಪ್ಪತ್ತು ನಾಣ್ಯ, ಎರಡೂ ಮುಖ ಸೇರಿ ನಲವತ್ತು ಪ್ರತಿಗಳು. ಹತ್ತು ಗಂಟೆಗೆ ಫೋಟೋಗ್ರಾಫರ್ ಟೋನಿ ಬರುವ ಹೊತ್ತಿಗೆ ಮೊದಲ ಕಂತು ಒಣಗಿರಬೇಕು. ಅದಕ್ಕೇ ಈ ನಸುಕಿನ ಪ್ರಯಾಣ. ಟೋನಿ ಹೋಬೋಕನ್‌ನಲ್ಲೇ ಹುಟ್ಟಿ ಬೆಳೆದ ಇಟಾಲಿಯನ್, ಪತ್ತಾರರ ಮನೆಯ ಕೆಳಗಿನ ಮಹಡಿಯಲ್ಲೇ ಇದ್ದಾನೆ. ಇವರನ್ನು ಈ ಕೆಲಸಕ್ಕೆ ಸೇರಿಸಿದವನೂ ಅವನೇ. ‘ಮೌನೇಶಪ್ಪ’ ಎನ್ನಲು ನಾಲಿಗೆ ಹೊರಳದೆ ಎರಡನೆಯ ದಿನವೇ ‘ಮೋ’ ಎಂದು ಮೊಟಕು ಮಾಡಿಕೊಂಡಿದ್ದಾನೆ.

ಪತ್ತಾರರ ಪರಿಚಯ ನನಗೆ ಆದದ್ದು ಅವರಿಂದಲ್ಲ. ನಮ್ಮ ಕನ್ನಡದವರ ಕೂಟಗಳಲ್ಲಿ ಕೇಳುವ ಮೊದಲನೆಯ ಪ್ರಶ್ನೆ ‘ಯಾವ ಕಂಪನಿ?’, ಎರಡನೆಯದು ‘ಮನೆ ತಗೊಂಡ್ರಾ?’. ಎರಡಕ್ಕೂ ಸರಿಯಾದ ಉತ್ತರವಿಲ್ಲದವರು ಚಿತ್ರಾನ್ನದ ತಟ್ಟೆ ಹಿಡಿದು ಮೂಲೆ ಸೇರುತ್ತಾರೆ. ಪತ್ತಾರರು ಅಂಥ ಮೂಲೆಯಲ್ಲಿ ಎಷ್ಟೋ ಸಲ ನನ್ನ ಪಕ್ಕದಲ್ಲೇ ಕೂತಿದ್ದರಂತೆ. ನನಗೆ ನೆನಪೇ ಇಲ್ಲ.

ಕಳೆದ ನವೆಂಬರಿನಲ್ಲಿ ಪಿತ್ತಕೋಶದ ಆಪರೇಷನ್ ಆಗಿ ಜರ್ಸಿ ಸಿಟಿಯ ಆಸ್ಪತ್ರೆಯಲ್ಲಿ ಮಲಗಿದ್ದೆ. ನೋವಿಗೆ ‘ಅಯ್ಯಪ್ಪಾ’ ಎಂದೆ. “ಸುಮ್ನ ಮಲಗ್ರೀ, ಹೊಲಗಿ ಹರಕೊಂಡೀರಿ,” ಎಂದು ಯಾರೋ ಗದರಿದರು. ಬಿಳಿಯ ಟೋಪಿಯ ಕೆಳಗೆ ದೊಡ್ಡ ಕುಂಕುಮ. ಅವರೇ ಭಾನುಮತಿ, ಪತ್ತಾರರ ಮನೆಯವರು. ‘ಯಜಮಾನರು ಏನು ಮಾಡ್ತಾರೆ?’ ಎಂದು ರೂಢಿಯ ಪ್ರಶ್ನೆ ಕೇಳಿದೆ. “ರೋಮ್ ದೇಶದ ಒಂದ ಬೆಳ್ಳಿ ನಾಣ್ಯ ಐತಿ, ಅದನ್ನ ಕಾಯ್ಕೊಂತ ಕುಂತಾರ,” ಎಂದು ಥರ್ಮಾಮೀಟರು ಬಾಯಿಗೆ ಇಟ್ಟುಬಿಟ್ಟರು. ಮುಂದೆ ಕೇಳಲು ಬಾಯಿ ಖಾಲಿ ಇರಲಿಲ್ಲ.

ಇವರದು ಗಜೇಂದ್ರಗಡ. ಪತ್ತಾರ ಎಂದರೆ ಆ ಕಡೆ ಅಕ್ಕಸಾಲಿಗ. ತಂದೆ, ಅಜ್ಜ ಎಲ್ಲರೂ ಬಂಗಾರ ಬೆಳ್ಳಿಯ ಕೆಲಸದವರು. ಮನೆಯ ಪಡಸಾಲೆಯೇ ಅಂಗಡಿ. 1963ರಲ್ಲಿ ಚಿನ್ನ ನಿಯಂತ್ರಣದ ನಿಯಮ ಬಂದು ಹದಿನಾಲ್ಕು ಕ್ಯಾರೆಟ್‌ಗಿಂತ ಹೆಚ್ಚಿನ ಒಡವೆ ಮಾಡುವಂತಿಲ್ಲ ಎಂದಾಯಿತು. ಹದಿನಾಲ್ಕು ಕ್ಯಾರೆಟ್ಟಿನ ತಾಳಿಯನ್ನು ನಮ್ಮಲ್ಲಿ ಯಾರು ಕಟ್ಟುತ್ತಾರೆ? ಓಣಿಯ ಒಲೆಗಳು ಒಂದೊಂದಾಗಿ ಆರಿದವು. ಕೆಲವರು ಗಿರಣಿಗೆ ಹೋದರು, ಕೆಲವರು ಹೋಟೆಲಿನಲ್ಲಿ ತಟ್ಟೆ ತೊಳೆದರು.

“ನಮ್ಮನ್ನ ಉಳಿಸಿದ್ದು ಬೆಳ್ಳಿ ಸರ,” ಎನ್ನುತ್ತಾರೆ ಪತ್ತಾರರು, ಪ್ಲಾಸ್ಟರು ಕಲಸುತ್ತ. “ಸುತ್ತಮುತ್ತ ಲಂಬಾಣಿ ತಾಂಡಾ ಭಾಳ. ಅವರ ಹೆಣ್ಣಮಕ್ಕಳಿಗೆ ಕಾಲಿಗೆ, ಕೂದಲಿಗೆ, ಎಲ್ಲಾದಕ್ಕೂ ಬೆಳ್ಳೀನ ಬೇಕು. ಬಂಗಾರ ಸರಕಾರ ತಗೊಂತು, ಬೆಳ್ಳಿ ನಮಗ ಬಿಟ್ಟೈತಿ, ಅದನ್ನ ಕೈ ಬಿಡಬ್ಯಾಡ ಅಂತ ನಮ್ಮಪ್ಪ ಸಾಯೂ ತನಕ ಹೇಳಿದ. ಬಿಡಲಿಲ್ಲ ನಾ. ಇಲ್ಲಿಗೆ ಬಂದು ಬಿಡಬೇಕಾತು.”

ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತ ಭಾನುಮತಿಯವರಿಗೆ ಅಮೆರಿಕದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ 1969ರಲ್ಲಿ ಇಬ್ಬರೂ ಬಂದರು. ವೀಸಾದ ಕಾಗದದಲ್ಲಿ ಇವರು ಬರಿ ‘ನರ್ಸಿನ ಗಂಡ’. ಮೊದಲ ಚಳಿಗಾಲವೆಲ್ಲ ಹೋಬೋಕನ್‌ನ ಮನೆಯಲ್ಲಿ ಅಡುಗೆ ಮಾಡಿಕೊಂಡು, ಹಡ್ಸನ್ ನದಿಯ ಆಚೆಯ ಕಟ್ಟಡಗಳನ್ನು ನೋಡುತ್ತ ಕೂತರು. ಒಂದು ದಿನ ಕೆಳಗಿನ ಮನೆಯ ಟೋನಿಯ ಹೆಂಡತಿಯ ಸರದ ಕೊಂಡಿ ಮುರಿದಿತ್ತು. ಅಡುಗೆಮನೆಯ ಗ್ಯಾಸ್ ಒಲೆಯ ಮೇಲೇ ಬೆಸುಗೆ ಹಾಕಿಕೊಟ್ಟರು. ಟೋನಿ ಆ ಕೊಂಡಿಯನ್ನು ಭೂತಗನ್ನಡಿ ಹಿಡಿದು ನೋಡಿ, ಮರುದಿನವೇ ಇವರನ್ನು ಮಿಸೆಸ್ ಆಡ್ಲರ್ ಹತ್ತಿರ ಕರೆದೊಯ್ದ.

ಮಿಸೆಸ್ ಆಡ್ಲರ್‌ಗೆ ಈಗ ಎಪ್ಪತ್ತು ದಾಟಿದೆ. ವಿಯೆನ್ನಾದಿಂದ ಯುದ್ಧಕ್ಕೆ ಮುಂಚೆ ಗಂಡನ ಜೊತೆ ಓಡಿಬಂದವರು. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಒಬ್ಬರೇ ನಡೆಸುತ್ತಿದ್ದಾರೆ. ಮಾತು ಕಡಿಮೆ. ಕೊರಳಲ್ಲಿ ಎರಡು ಕನ್ನಡಕ, ಒಂದು ದೂರಕ್ಕೆ, ಒಂದು ನಾಣ್ಯಕ್ಕೆ. ಪತ್ತಾರರು ಮಾಡಿದ ಮೊದಲ ಪ್ರತಿಯನ್ನು ನೋಡಿ ‘ನಾಳೆಯಿಂದ ಬಾ’ ಎಂದವರು, ನಾಲ್ಕೇ ತಿಂಗಳಲ್ಲಿ ಅವರ ಕೈಗೆ ಅಂಗಡಿಯ ಅತಿ ಒಳ್ಳೆಯ ಬೆಳ್ಳಿಯನ್ನೆಲ್ಲ ಒಪ್ಪಿಸಿದ್ದರು.

ಆಗ ಬಂದದ್ದು ಈ ನಾಣ್ಯ.

ಕಿಟಕಿಯ ಹತ್ತಿರ ಕೂತು ಭೂತಗನ್ನಡಿಯಲ್ಲಿ ನೋಡಿದೆ. ಕ್ರಿಸ್ತಪೂರ್ವ 46ರ ಸುಮಾರಿಗೆ ರೋಮ್‌ನಲ್ಲಿ ಅಚ್ಚಾದದ್ದು. ಒಂದು ಮುಖದಲ್ಲಿ ಹೆಂಗಸಿನ ತಲೆ. ಕೂದಲನ್ನು ಹಿಂದಕ್ಕೆ ಬಾಚಿ ಗಂಟು ಹಾಕಿದೆ, ಕಿವಿಯಲ್ಲಿ ಓಲೆ, ಕೊರಳಲ್ಲಿ ಸರ. ಅವಳ ಹೆಸರು ಮೊನೇಟಾ. ಅವಳ ಗುಡಿಯ ಮಗ್ಗುಲಲ್ಲೇ ರೋಮ್‌ನ ಟಂಕಸಾಲೆ ಇತ್ತಂತೆ. ಇಂಗ್ಲಿಷರು ದುಡ್ಡಿಗೆ ಹೇಳುವ ‘ಮನಿ’ ಹುಟ್ಟಿದ್ದು ಅವಳ ಹೆಸರಿನಿಂದಲೇ. ಇನ್ನೊಂದು ಮುಖದಲ್ಲಿ ದೇವರಿಲ್ಲ, ರಾಜನಿಲ್ಲ, ಕುದುರೆ ರಥಗಳೂ ಇಲ್ಲ. ನಡುವೆ ನಾಣ್ಯ ಹೊಡೆಯುವ ಅಡಿಗಲ್ಲು, ಒಂದು ಕಡೆ ಇಕ್ಕಳ, ಇನ್ನೊಂದು ಕಡೆ ಸುತ್ತಿಗೆ. ಅಡಿಗಲ್ಲಿನ ಮೇಲಿರುವುದು ಮೇಲಿನ ಅಚ್ಚೋ, ಕಮ್ಮಾರ ದೇವತೆಯ ಟೋಪಿಯೋ, ಬಲ್ಲವರಲ್ಲೇ ಒಮ್ಮತವಿಲ್ಲ. ಮೇಲೆ ಕರಿಸಿಯಸ್ ಎಂಬ ಟಂಕಸಾಲೆ ಅಧಿಕಾರಿಯ ಹೆಸರು. ಇಷ್ಟರ ಸುತ್ತ ಎಲೆಗಳ ಮಾಲೆ.

ನಾವು ನೀವು ನೋಡಿದ್ದರೆ ‘ಓ, ಚೆನ್ನಾಗಿದೆ’ ಎಂದು ಸುಮ್ಮನಾಗುತ್ತಿದ್ದೆವು. ಪತ್ತಾರರು ನೋಡಿದ್ದು ನವರಾತ್ರಿಯಲ್ಲಿ.

“ಖಂಡೇಪೂಜಿ ದಿನಾರಿ ಅದು,” ಎನ್ನುತ್ತಾರೆ. ಅವರ ಕಡೆ ಆಯುಧಪೂಜೆಗೆ ಹಾಗೆನ್ನುತ್ತಾರೆ. “ಮುಂಜಾನೆ ಒಬ್ಬನ ಬಂದಿದ್ದೆ. ಮ್ಯಾಡಮ್ ಯುರೋಪಿಗೆ ಹೋಗಿದ್ರು. ನನ್ನ ಅರ, ಚಿಮಟ, ಕುಂಚ ಎಲ್ಲಾ ತೊಳೆದು ಟೇಬಲ್ ಮ್ಯಾಲ ಇಟ್ಟೆ. ಮೂಲೆ ಅಂಗಡಿಯಿಂದ ಹಳದಿ ಹೂವು ತಂದಿದ್ದೆ. ಕಾಳಮ್ಮನ ಫೋಟೋ ಮನ್ಯಾಗ ಮರತು ಬಂದಿದ್ದೆ ಸರ. ದೇವರಿಲ್ಲದ ಪೂಜಿ ಹೆಂಗ ಮಾಡ್ಲಿ? ಅವತ್ತು ಪ್ರತಿ ಮಾಡಬೇಕಾಗಿದ್ದ ನಾಣ್ಯದ ಟ್ರೇ ತೆಗದೆ. ಮ್ಯಾಲ ಇದು ಕುಂತಿತ್ತು. ನೋಡ್ತೀನಿ, ಅಡಿಗಲ್ಲು, ಇಕ್ಕಳ, ಸುತ್ತಿಗಿ, ಸುತ್ತಲೂ ಮಾಲಿ ಹಾಕ್ಯಾರ! ನಮ್ಮ ಪಡಸಾಲಿಯಾಗ ಹಬ್ಬದ ದಿನ ಹೆಂಗ ಇಡತಿದ್ವಿ, ಹಂಗಽ. ಹಿಂದ ಹೆಣ್ಣದೇವರು. ಕಣ್ಣಾಗ ನೀರು ಬಂದ್ವು ನನಗ. ಎರಡು ಸಾವಿರ ವರ್ಷದ ಹಿಂದನೂ ನಮ್ಮಂಥ ಮಂದಿ ಪೂಜಿ ಮಾಡಿದಾರಲ್ಲ ಅಂತ.”

ಮುಂದಿನದನ್ನು ಹೇಳುವ ಮುಂಚೆ ಅವರು ಕೈಯಲ್ಲಿದ್ದ ಕುಂಚ ಕೆಳಗಿಡುತ್ತಾರೆ.

“ನಾಣ್ಯ ಕರ್ರಗಿತ್ತು. ಕಪ್ಪು ಹಿಡಿದ ಬೆಳ್ಳಿ ಇಟ್ಟು ಯಾರರ ಪೂಜಿ ಮಾಡ್ತಾರೇನ್ರಿ? ಹಬ್ಬ ಅಂದಮ್ಯಾಲ ತೊಳೀಬೇಕು. ಕಿಸೆದಾಗ ಊರಿನ ವಿಭೂತಿ ಗಟ್ಟಿ ಇತ್ತು. ಅರದು, ನೀರು ಹಾಕಿ, ಹೆಬ್ಬೆಟ್ಟಿನಿಂದ ತಿಕ್ಕಿದೆ.”

ವಿಭೂತಿಯಲ್ಲಿ ಬೆಳ್ಳಿ ತಿಕ್ಕಿದರೆ ಏನಾಗುತ್ತದೆ ಎಂದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ನಾಣ್ಯ ಬೆಳ್ಳಗೆ ಫಳಫಳ ಹೊಳೆಯಿತು. ಪತ್ತಾರರು ಅದಕ್ಕೆ ಅರಿಸಿನ ಕುಂಕುಮ ಇಟ್ಟು, ಹೂವು ಏರಿಸಿ, ಬಾಳೆಹಣ್ಣು ನೈವೇದ್ಯ ಮಾಡಿ ಕೈ ಮುಗಿದರು. ಒಡತಿ ಬಂದು ನೋಡಿ ಎಷ್ಟು ಸಂತೋಷಪಡುತ್ತಾರೋ ಎಂದುಕೊಂಡರಂತೆ.

ಹತ್ತು ಗಂಟೆಗೆ ಟೋನಿ ಬಂದ. ಪ್ರಸಾದದ ಬಾಳೆಹಣ್ಣನ್ನು ಕೈಗೆ ತೆಗೆದುಕೊಂಡವನು ನಾಣ್ಯದ ಕಡೆ ನೋಡಿದ. “ಜೀಸಸ್, ಮೋ! ವಾಟ್ ಡಿಡ್ ಯು ಡೂ?” ಎಂದು ಕುರ್ಚಿಯಲ್ಲಿ ಕುಸಿದ. ಆ ಹಣ್ಣನ್ನು ಸುಲಿಯಲೂ ಇಲ್ಲ.

ಹಳೆಯ ಬೆಳ್ಳಿಯ ನಾಣ್ಯಕ್ಕೆ ಆ ಕಪ್ಪೇ ಕಳೆ. ನೂರಾರು ವರ್ಷ ಮಣ್ಣು, ಗಾಳಿ, ಮರದ ಪೆಟ್ಟಿಗೆ, ಜನರ ಕೈ ಎಲ್ಲ ಸೇರಿ ತಂದ ಬಣ್ಣ ಅದು. ಸಂಗ್ರಹಕಾರರು ಅದಕ್ಕಾಗಿ ಪ್ರಾಣ ಬಿಡುತ್ತಾರೆ. ತಿಕ್ಕಿ ತೊಳೆದ ನಾಣ್ಯವನ್ನು ಮೂಸಿಯೂ ನೋಡುವುದಿಲ್ಲ. ಇದನ್ನು ಪತ್ತಾರರಿಗೆ ಯಾರೂ ಹೇಳಿರಲಿಲ್ಲ, ಹೇಳಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ಕಪ್ಪಾದ ಬೆಳ್ಳಿಯನ್ನು ಕಂಡರೆ ಕೈ ತುರಿಸುವ ಜನ ಭೂಮಿಯ ಮೇಲಿದ್ದಾರೆ ಎಂಬುದು ವಿಯೆನ್ನಾದವರಿಗೆ ಹೇಗೆ ತಿಳಿಯಬೇಕು?

ಮಿಸೆಸ್ ಆಡ್ಲರ್ ಸೋಮವಾರ ಬಂದರು. ಕೂಗಾಡಲಿಲ್ಲ. ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು ಭೂತಗನ್ನಡಿ ಹಿಡಿದರು. ಅಡಿಗಲ್ಲಿನ ಸಂದಿಯಲ್ಲಿ ಕುಂಕುಮದ ಕೆಂಪು ಇನ್ನೂ ಸ್ವಲ್ಪ ಉಳಿದಿತ್ತು. ಇದೇನು ಎಂದು ಕೇಳಿದರು. ಪತ್ತಾರರು ತಮಗೆ ಬಂದ ಇಂಗ್ಲಿಷಿನಲ್ಲಿ ಹಬ್ಬ, ಆಯುಧ, ಕಾಳಮ್ಮ ಎಲ್ಲವನ್ನೂ ಹೇಳಿದರು. ‘ಬೈದಿದ್ರ ಛಲೋ ಇತ್ತು, ಸುಮ್ನ ಕೇಳಿದ್ರು, ಅದನ್ನ ತಡಕೊಳ್ಳಾಕ ಆಗಲಿಲ್ಲ’ ಎಂದು ಈಗಲೂ ಸಂಕಟಪಡುತ್ತಾರೆ.

ನಾಣ್ಯ ಅಂಗಡಿಯದಾಗಿರಲಿಲ್ಲ. ಹಳೆಯ ಗಿರಾಕಿಯೊಬ್ಬರು ಮಾರಿಕೊಡಲು ಕೊಟ್ಟದ್ದು. ಒಡತಿ ಅದನ್ನು ತಾವೇ ಕೊಂಡುಕೊಂಡು ಗಿರಾಕಿಯ ಹತ್ತಿರ ಕ್ಷಮೆ ಕೇಳಿದರು. ಆಮೇಲೆ ಪತ್ತಾರರನ್ನು ಕರೆದು ಎರಡು ಮಾತು ಹೇಳಿದರು. ನಿನ್ನ ಕೆಲಸ ಚೆನ್ನಾಗಿದೆ, ಕಳಿಸುವುದಿಲ್ಲ. ಆದರೆ ಈ ನಾಣ್ಯಕ್ಕೆ ಅದರ ಬಣ್ಣ ತಾನಾಗಿ ಮರಳಿ ಬರುವವರೆಗೆ ನಿನಗೆ ಬೆಳ್ಳಿ ಇಲ್ಲ. ಅಂದೇ ಅದನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ದಿನಾ ಮಗ್ಗುಲು ಬದಲಿಸು, ಮತ್ತೇನೂ ಮಾಡಬೇಡ ಎಂದರು.

ಇದು ಶಿಕ್ಷೆಯೋ ಕರುಣೆಯೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ಅಂಗಡಿಯ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳ್ಳಿಯೇ. ಅದೆಲ್ಲ ಬ್ರೂಕ್ಲಿನ್‌ನಲ್ಲಿ ಪ್ರತಿ ಮಾಡುವ ಇನ್ನೊಬ್ಬರಿಗೆ ಹೋಯಿತು. ಪತ್ತಾರರ ಪಾಲಿಗೆ ಕಂಚು, ತಾಮ್ರ, ಆಗೊಂದು ಈಗೊಂದು ಬಂಗಾರ. ವಾರಕ್ಕೆ ಮೂರು ದಿನದ ಕೆಲಸ. ಉಳಿದ ದಿನ ನಾಣ್ಯದ ಮಗ್ಗುಲು ಬದಲಿಸಲಷ್ಟೇ ಬಂದುಹೋಗಿ, ಮನೆಯಲ್ಲಿ ರೊಟ್ಟಿ ಬಡಿಯುತ್ತಾರೆ. ಭಾನುಮತಿ ಹೆಚ್ಚಿನ ಪಾಳಿ ಮಾಡಿ ಸಂಸಾರ ತೂಗಿಸುತ್ತಾರೆ. ಊರಿಗೆ ಬರೆಯುವ ಕಾಗದಗಳಲ್ಲಿ ಇವರು ಇನ್ನೂ ಬೆಳ್ಳಿಯ ಕೆಲಸವನ್ನೇ ಮಾಡುತ್ತಿದ್ದಾರೆ.

“ಟ್ರೇ ನನ್ನ ಮುಂದಽ ಹಾದು ಹೋಗತಿದ್ವು ಸರ. ಬ್ರೂಕ್ಲಿನ್‌ನವರ ಕೆಲಸ ತಿರುಗಿ ಬಂದಾಗ ನೋಡತಿದ್ದೆ. ಕೂದಲದ ಗೆರಿ ತುಂಬಿ ಹೋಗಿರತಿತ್ತು, ಎಲೀ ಅಂಚು ಮೊಂಡಾಗಿರತಿತ್ತು. ಹೊಟ್ಟಿ ಉರೀತಿತ್ತು. ಆದ್ರ ಬಾಯಿ ತೆಗಿಯೂ ಹಕ್ಕು ನಾನಽ ಕಳಕೊಂಡಿದ್ನೆಲ್ಲ.”

ಇಲ್ಲಿ ಒಂದು ಮಾತನ್ನು ಓದುಗರಿಗೆ ತಿಳಿಸಲೇಬೇಕು. ಬೆಳ್ಳಿಯನ್ನು ಕಪ್ಪು ಮಾಡಲು ಪತ್ತಾರರಿಗೆ ಆರು ವರ್ಷ ಬೇಕಿಲ್ಲ. ಲಂಬಾಣಿ ಒಡವೆಗಳ ಕುಸುರಿಯ ಸಂದುಗಳಿಗೆ ಕಪ್ಪು ಏರಿಸಿ ಹಳೆಯ ಕಳೆ ತರುವುದು ಅವರ ಮನೆತನದ ಕೆಲಸ. ಒಂದು ಚಿಟಿಕೆ ಗಂಧಕ ಸಾಕು. ಅದೂ ಬೇಡ, ಬೇಯಿಸಿದ ಒಂದು ಕೋಳಿಮೊಟ್ಟೆಯ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೆಳಗಾಗುವುದರೊಳಗೆ ಬೆಳ್ಳಿ ಕಂದುತ್ತದೆ.

ಮೂರನೆಯ ವರ್ಷ ಭಾನುಮತಿಯವರೇ ಆ ಮಾತು ತೆಗೆದರು. ನಾನು ಹೋಬೋಕನ್‌ನ ಅವರ ಮನೆಗೆ ಹೋದಾಗ ಅವರು ಅದನ್ನು ಮುಚ್ಚಿಡಲಿಲ್ಲ. “ಹೌದ್ರಿ, ನಾನಽ ಅಂದೆ. ಡಬಲ್ ಶಿಫ್ಟ್ ಮಾಡಿ ಮಾಡಿ ಕಾಲು ಬಾತಿದ್ವು. ಒಂದು ತತ್ತಿ ಕುದಿಸಿ ಕೊಡ್ತೀನಿ, ತಗೊಂಡು ಹೋಗಿ ಕರ್ರಗ ಮಾಡಿಬಿಡ್ರಿ, ಆ ಮುದುಕಿಗೆ ಏನ್ ಗೊತ್ತಾಗತೈತಿ ಅಂದೆ. ಇವರು ಎರಡು ದಿನಾ ನನ್ನ ಕೂಡ ಮಾತಾಡಲಿಲ್ಲ.”

ಪತ್ತಾರರು ಚಹಾ ಸೋಸುತ್ತ ತಲೆ ತಗ್ಗಿಸಿ ನಿಂತಿದ್ದರು. “ಮಾಡಬೇಕು ಅಂತ ನನಗೂ ಅನಿಸಿತ್ತು,” ಎಂದರು. “ಸುಳ್ಯಾಕ ಹೇಳ್ಲಿ? ಗಂಧಕದ ಪುಡಿ ತಂದು ಕಿಸೆದಾಗ ಇಟ್ಕೊಂಡು ಒಂದ ದಿನ ಹೋಗಿದ್ದೆ. ಚಿಮಟದಿಂದ ಎತ್ತಿದೆ. ಹೊರಗ ಬರ್ಫ ಬೀಳತಿತ್ತು. ಒಮ್ಮೆ ಅವಸರ ಮಾಡಿದ್ದಕ್ಕಽ ಇಷ್ಟಾತು, ಎರಡನೇ ಸಲ ಮಾಡಿದ್ರ ನನ್ನ ಕೈ ನಾನು ನಂಬಾಕ ಆಗೂದಿಲ್ಲ ಅನ್ನಿಸ್ತು. ಮಗ್ಗಲಾ ಬದಲಿ ಮಾಡಿ ಇಟ್ಟೆ. ಪುಡಿ ಬಚ್ಚಲಕ ಹಾಕಿದೆ.”

ನಾಣ್ಯ ತನ್ನ ಪಾಡಿಗೆ ತಾನು ಬದಲಾಯಿತು. ಮೊದಲ ವರ್ಷ ತೆಳುವಾದ ಹಳದಿ, ಬೆಣ್ಣೆ ಕಾಯಿಸಿದ ಪಾತ್ರೆಯ ತಳದಂತೆ. ಆಮೇಲೆ ಅಂಚಿನಲ್ಲಿ ಕಂದು, ಎಲೆಗಳ ನಡುವೆ ನೀಲಿ. ಅಂಗಡಿಯಲ್ಲಿ ಬೇಸಿಗೆಗೆ ಕಿಟಕಿ ತೆರೆದಿಡುತ್ತಾರೆ. ಬಸ್ಸುಗಳ ಹೊಗೆ, ಎಲ್ಲೆಲ್ಲಿಂದಲೋ ಹಾರಿಬಂದ ಮಸಿ, ಎಲ್ಲ ಒಳಗೆ ಬರುತ್ತದೆ. ನ್ಯೂಯಾರ್ಕಿನ ಹೊಲಸು ಗಾಳಿಯನ್ನು ಎಲ್ಲರೂ ಬೈಯುತ್ತಾರೆ. ಅದಕ್ಕೆ ಕೈ ಮುಗಿಯುವ ಒಬ್ಬನೇ ಮನುಷ್ಯನನ್ನು ನಾನು ಕಂಡಿದ್ದೇನೆ.

ಶುಕ್ರವಾರ ನಾನು ಆಫೀಸಿಗೆ ರಜೆ ಹಾಕಿ ಮತ್ತೆ ಹೋದೆ. ಪತ್ತಾರರು ಅಂದು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದಾರೆ. ಮಾಡಲು ಕಂಚಿನ ನಾಣ್ಯಗಳ ರಾಶಿಯೇ ಇದೆ, ಆದರೆ ಕೈ ಓಡುತ್ತಿಲ್ಲ. ಎರಡು ಪ್ರತಿಗಳಲ್ಲಿ ಗುಳ್ಳೆ ಎದ್ದು ಬುಟ್ಟಿ ಸೇರಿವೆ. ಟೋನಿ ಕ್ಯಾಮೆರಾ ಒರೆಸುವ ನೆಪದಲ್ಲಿ ಒರೆಸಿದ್ದನ್ನೇ ಒರೆಸುತ್ತಿದ್ದಾನೆ.

ಮಿಸೆಸ್ ಆಡ್ಲರ್ ಹನ್ನೊಂದು ಗಂಟೆಗೆ ಒಳಕೋಣೆಯಿಂದ ಬರುತ್ತಾರೆ. ದೂರದ ಕನ್ನಡಕ ತೆಗೆದು ನಾಣ್ಯದ ಕನ್ನಡಕ ಹಾಕಿಕೊಳ್ಳುತ್ತಾರೆ. ಕಿಟಕಿಯ ಬೆಳಕಿಗೆ ನಾಣ್ಯವನ್ನು ಹಿಡಿದು, ಅತ್ತ ಓರೆ ಮಾಡಿ ಇತ್ತ ಓರೆ ಮಾಡಿ ನೋಡುತ್ತಾರೆ. ಮೂಗಿನ ಹತ್ತಿರ ತಂದು ಮೂಸುತ್ತಾರೆ. ಗಂಧಕ ಹಾಕಿದ್ದರೆ ಎಂಬ ಅನುಮಾನ ಇದ್ದೇ ಇದೆ. ಇವರು ಅಕ್ಕಸಾಲಿಗ, ಇವರಿಗೆ ಏನೇನು ಬರುತ್ತದೆ ಎಂದು ಆಕೆಗೂ ಗೊತ್ತು. ನಾನೂ ಕುರ್ಚಿಯಿಂದ ಎದ್ದು ನಿಂತಿದ್ದೇನೆ. ನನ್ನದೇನೂ ಗಂಟು ಹೋಗುವುದಿಲ್ಲ, ಆದರೂ.

“ಇದಕ್ಕೆ ನೀನು ಏನಾದರೂ ಸಹಾಯ ಮಾಡಿದೆಯಾ?” ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ.

“ನೋ ಮ್ಯಾಡಮ್,” ಎನ್ನುತ್ತಾರೆ ಪತ್ತಾರರು. “ಓನ್ಲಿ ಟರ್ನಿಂಗ್.”

ಆಕೆ ಮತ್ತೆ ಭೂತಗನ್ನಡಿಗೆ ಕಣ್ಣು ಹಚ್ಚುತ್ತಾರೆ. “ಕೆನ್ನೆ ಇನ್ನೂ ಬಿಳಿಚಿಕೊಂಡಿದೆ,” ಎನ್ನುತ್ತಾರೆ.

ಪತ್ತಾರರು ತಮ್ಮ ಬಲಗೈ ನೋಡಿಕೊಳ್ಳುತ್ತಾರೆ. ಅವರ ಹೆಬ್ಬೆರಳು ಪೂಜೆಯ ದಿನ ಹೆಚ್ಚು ತಿಕ್ಕಿದ್ದು ಅಲ್ಲೇ.

“ಆದರೆ ಬಣ್ಣ ಪ್ರಾಮಾಣಿಕವಾಗಿದೆ,” ಎನ್ನುತ್ತಾರೆ ಮಿಸೆಸ್ ಆಡ್ಲರ್. ಕನ್ನಡಕ ತೆಗೆದು ಸೆರಗಿಲ್ಲದ ಹೆಂಗಸರು ಮಾಡುವಂತೆ ತೋಳಿಗೆ ಒರೆಸಿಕೊಳ್ಳುತ್ತಾರೆ. “ಈ ವಸಂತದ ಹರಾಜಿಗೆ ಇಡುತ್ತೇನೆ. ಪುಸ್ತಕದಲ್ಲಿ ಮಾತ್ರ ‘ಹಿಂದೊಮ್ಮೆ ತಿಕ್ಕಿದ್ದು, ಬಣ್ಣ ಮರಳಿದೆ’ ಎಂದು ಬರೆಯುತ್ತೇನೆ. ಅದನ್ನು ಬರೆಯದೆ ಇರಲಾರೆ.”

“ಬರೀರಿ, ಬರೀರಿ,” ಎಂದುಬಿಡುತ್ತಾರೆ ಪತ್ತಾರರು ಕನ್ನಡದಲ್ಲಿ. ಆಕೆಗೆ ಅರ್ಥವಾದಂತೆ ಕಾಣುತ್ತದೆ. ಒಳಗೆ ಹೋಗಿ, ತಿಜೋರಿಯಿಂದ ಬೆಳ್ಳಿಯ ನಾಣ್ಯಗಳ ಒಂದು ಟ್ರೇ ತಂದು ಮೇಜಿನ ಮೇಲಿಡುತ್ತಾರೆ. ಈ ನಾಣ್ಯವನ್ನೂ ಅದರಲ್ಲೇ ಒಂದು ಖಾಲಿ ಗುಳಿಯಲ್ಲಿ ಕೂರಿಸುತ್ತಾರೆ. ಇನ್ನು ಮುಂದೆ ಬೆಳ್ಳಿ ಕಳಿಸುವುದಿಲ್ಲ ಎಂದು ಬ್ರೂಕ್ಲಿನ್‌ಗೆ ಫೋನ್ ಮಾಡುವ ದನಿ ಒಳಗಿನಿಂದ ಕೇಳಿಸುತ್ತದೆ.

ಪತ್ತಾರರು ಟ್ರೇ ಮುಂದೆ ಕೂತೇ ಇದ್ದಾರೆ. ಟೋನಿ ಬಂದು ಬೆನ್ನಿಗೆ ಒಂದು ಗುದ್ದು ಕೊಟ್ಟು, ‘ಕಮಾನ್ ಮೋ, ಹೊತ್ತು ಹೋಗುತ್ತೆ’ ಎಂಬರ್ಥದ ಏನೋ ಹೇಳುತ್ತಾನೆ. ಅವರು ಎದ್ದು ಹೋಗಿ ಇನ್ನೊಮ್ಮೆ ಕೈ ತೊಳೆದು ಬರುತ್ತಾರೆ. ಕಣ್ಣನ್ನೂ ತೊಳೆದಂತೆ ಕಾಣುತ್ತದೆ. ಚಿಮಟ ಬಿಟ್ಟು ಎರಡೇ ಬೆರಳಿನಲ್ಲಿ ನಾಣ್ಯದ ಅಂಚು ಹಿಡಿದು ಎತ್ತುತ್ತಾರೆ.

ಮಣ್ಣಿಗೆ ಪೌಡರು ಸವರಿ ಒತ್ತುತ್ತಾರೆ, ಕುಂಚದಿಂದ ಬಳಿಯುತ್ತಾರೆ, ತುಂಬುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಪ್ಲಾಸ್ಟರು ಗಟ್ಟಿಯಾಗಿ ಹೊರಬರುತ್ತದೆ. ಮೊನೇಟಾಳ ಕೂದಲಿನ ಎಳೆಗಳನ್ನು ಒಂದೊಂದಾಗಿ ಎಣಿಸಬಹುದು. ಸುತ್ತಿಗೆಯ ಹಿಡಿ, ಇಕ್ಕಳದ ಕಾಲು, ಮಾಲೆಯ ಎಲೆಗಳ ತುದಿ, ಯಾವುದೂ ಮೊಂಡಾಗಿಲ್ಲ. ಗುಳ್ಳೆ ಒಂದೂ ಇಲ್ಲ. ಪ್ಲಾಸ್ಟರಿನಲ್ಲಿ ಕಪ್ಪೂ ಇಲ್ಲ, ಬಿಳಿಚಿದ ಕೆನ್ನೆಯೂ ಇಲ್ಲ. ಟೋನಿ ಅದನ್ನು ದೀಪದ ಕೆಳಗೆ ಇಟ್ಟು ಫೋಟೋ ಹೊಡೆಯುತ್ತಾನೆ.

ಪುಸ್ತಕದಲ್ಲಿ ಟೋನಿಯ ಹೆಸರು ಬರುತ್ತದೆ. ಪ್ರತಿ ಮಾಡಿದವರ ಹೆಸರು ಹಾಕುವ ಪದ್ಧತಿ ಈ ವ್ಯಾಪಾರದಲ್ಲಿ ಇಲ್ಲ. ನನಗೆ ಅದು ಅನ್ಯಾಯ ಎನಿಸಿ, ಹೇಳಿಯೂ ಬಿಟ್ಟೆ. ಪತ್ತಾರರು ಬೆರಳಿಗೆ ಅಂಟಿದ ಪ್ಲಾಸ್ಟರು ಕೆರೆಯುತ್ತ ಮೊದಲ ಸಲ ಬಾಯಿ ತುಂಬ ನಕ್ಕರು.

“ತಿಕ್ಕಿದ್ದು ಅಂತ ಬರೀತಾರಲ್ಲ ಸರ, ಅದು ನನ್ನ ಬಗ್ಗೇನ ಐತಿ. ಅಷ್ಟು ಸಾಕು.”

ಮತ್ತೇನು ಆಸೆ ಇದೆ ಎಂದು ಕೇಳಿದೆ. ಊರಿಗೆ ಹೋಗುವುದು, ಸ್ವಂತ ಅಂಗಡಿ, ಹೋಬೋಕನ್‌ನಲ್ಲೊಂದು ಮನೆ, ಇಂಥದೇನಾದರೂ ಹೇಳುತ್ತಾರೆ ಎಂದುಕೊಂಡು ಪೆನ್ನು ತೆರೆದೆ. ಅವರು ಟ್ರೇನಲ್ಲಿ ಕೂತ ನಾಣ್ಯದ ಕಡೆ ನೋಡಿದರು.

“ಯಾರರ ತಗೊಳ್ಳಲಿ ಸರ,” ಎಂದರು. “ಅವರ ಮನ್ಯಾಗ ಹಬ್ಬಕ್ಕ ಬೆಳ್ಳಿ ತೊಳಿಯೋರು ಮಾತ್ರ ಇರಬಾರದು ನೋಡ್ರಿ.”